ಬಸ್ ಸ್ಟ್ಯಾಂಡಿಗೆ ಹತ್ತಿರದ ಮನೆ

ನಾನು ಸ್ಕೂಲಿಗೆ ಹೋಗುವ ದಾರಿಯಲ್ಲಿ ಒಂದು ಮನೆಯ ಗೇಟಿಗೆ ಮೊನ್ನೆ ಯಾರೋ ರಟ್ಟು ಕಟ್ಟಿದ್ದಾರೆ. ಟೇಬಲ್ ಫ್ಯಾನ್ ಬಂದ ಡಬ್ಬದ ರಟ್ಟು. ಒಂದು ಮಗ್ಗುಲಲ್ಲಿ ಫ್ಯಾನಿನ ಚಿತ್ರ ಹಾಗೇ ಇದೆ, ಇನ್ನೊಂದು ಮಗ್ಗುಲಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದಾರೆ: ‘ಮನೆ ಬಾಡಿಗೆಗೆ ಇದೆ. ಬಸ್ ಸ್ಟ್ಯಾಂಡಿಗೆ ಹತ್ತಿರ.’ ಅಷ್ಟೇ. ಕೋಣೆ ಎಷ್ಟು, ನಲ್ಲಿಯಲ್ಲಿ ನೀರು ಬರುತ್ತದೋ ಇಲ್ಲವೋ, ಅಡುಗೆಮನೆಗೆ ಕಿಟಕಿ ಇದೆಯೋ ಇಲ್ಲವೋ, ಒಂದು ಮಾತೂ ಇಲ್ಲ. ಓದಿದರೆ ಮನೆಯ ನೆಪದಲ್ಲಿ ಬಸ್ ಸ್ಟ್ಯಾಂಡನ್ನೇ ಬಾಡಿಗೆಗೆ ಕೊಡುತ್ತಿದ್ದಾರೇನೋ ಅನ್ನಿಸುತ್ತದೆ.

ನಗಬೇಡಿ. ಬಾಡಿಗೆ ಮನೆಗಳಲ್ಲಿ ಬದುಕಿದವರಿಗೆ ಈ ‘ಹತ್ತಿರ’ದ ಗಮ್ಮತ್ತು ಗೊತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಒಂಟಿ ಜೀವ. ವರ್ಗಾವಣೆ ಆದಾಗಲೆಲ್ಲ ಎರಡು ಟ್ರಂಕು, ಒಂದು ಗ್ಯಾಸ್ ಒಲೆ ಎತ್ತಿಕೊಂಡು ಹೊರಟವಳು. ಜಗಳೂರಿನಲ್ಲಿ ‘ಹತ್ತಿರ’ ಅಂದರೆ ತಲೆಗೆ ಸೆರಗು ಹೊದ್ದು, ನಡುವೆ ಯಾರದಾದರೂ ಮನೆಯಲ್ಲಿ ನೀರು ಕೇಳಿ ಕುಡಿದು ತಲುಪುವಷ್ಟು ದೂರ. ನ್ಯಾಮತಿಯಲ್ಲಿ ‘ಹತ್ತಿರ’ ಅಂದರೆ ಬಸ್ಸಿನ ಹಾರನ್ ಮನೆಗೆ ಕೇಳಿಸುತ್ತದೆ ಅಂತ. ಹಾರನ್ ಕೇಳಿದ ಮೇಲೆ ಓಡಿದರೆ ಬಸ್ಸು ಸಿಗುತ್ತದೆ ಅಂತಲ್ಲ. ಇದನ್ನು ನಾನು ಓಡಿಯೇ ಕಲಿತೆ, ಅದೂ ಇಡೀ ಬಸ್ಸು ನೋಡುತ್ತಿರುವಾಗ.

ಕತ್ತಲಗೆರೆಯಲ್ಲಿದ್ದ ನಮ್ಮಜ್ಜಿಯ ಅಳತೆ ಬೇರೆ ಇತ್ತು. ಅವಳಿಗೆ ದೂರ ಅನ್ನುವುದು ಎಲೆ ಅಡಿಕೆಯಲ್ಲಿ ಗೊತ್ತಾಗುತ್ತಿತ್ತು. ತೋಟ ಒಂದು ಎಲಡಿಕೆ ದೂರ. ಮುಖ್ಯರಸ್ತೆ ಎರಡು ಎಲಡಿಕೆ. ಚನ್ನಗಿರಿಗೆ ನಡೆದೇ ಹೋಗುವುದಾದರೆ ಸಂಚಿ ತುಂಬಿಸಿಕೊಳ್ಳಬೇಕು. ಅವಳ ಜೊತೆ ನಡೆದರೆ ನನಗೆ ಅಡಿಕೆ ಚೂರು ಸಿಗುತ್ತಿತ್ತು. ಅದು ಒಗರಾಗಿ ಬಾಯಿ ಜುಮ್ಮೆನ್ನುವಷ್ಟರಲ್ಲಿ ತೋಟ ಬಂದುಬಿಡುತ್ತಿತ್ತು. ಆ ಕಾಲದ ದೂರಗಳಿಗೆ ಒಂದು ರುಚಿ ಇತ್ತು ಅಂತ ಈಗಲೂ ನನಗೆ ಅನ್ನಿಸುತ್ತದೆ. ಕಿಲೋಮೀಟರಿಗೆ ಅದಿಲ್ಲ.

ಆದರೆ ನಾನು ಬೆಳೆದದ್ದು ಹೊನ್ನಾಳಿಯ ಬಾಡಿಗೆ ಮನೆಗಳಲ್ಲಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಮನೆ ಗಿರಣಿಗೆ ಹತ್ತಿರ ಇರಬೇಕು ಅಂತ ಅಪ್ಪ, ನನ್ನ ಸ್ಕೂಲಿಗೆ ಹತ್ತಿರ ಇರಬೇಕು ಅಂತ ಅಮ್ಮ. ಈ ಜಗಳ ನಡೆದೂ ನಡೆದೂ ಕೊನೆಗೆ ಸಿಕ್ಕ ಮನೆ ಎರಡಕ್ಕೂ ದೂರ, ಹಿಟ್ಟಿನ ಮಿಷನ್ನಿಗೆ ಮಾತ್ರ ಹತ್ತಿರ. ಗೋಡೆಯಾಚೆಗೇ ಬೆಲ್ಟು ತಿರುಗುತ್ತಿತ್ತು. ಬೆಳಿಗ್ಗೆ ಅಮ್ಮ ಹಾಕಿದ ಜಡೆ ಸಂಜೆಗೆ ಹಿಟ್ಟು ಕೂತು ನರೆಯುತ್ತಿತ್ತು. ಬಾಡಿಗೆ ಕಡಿಮೆ ಅಂತ ಅಪ್ಪ ಹೆಮ್ಮೆಪಡುತ್ತಿದ್ದರು. ಆ ಕಡಿಮೆಯನ್ನು ಅಮ್ಮನ ಕಾಲು, ನನ್ನ ಕಾಲು, ಅವರದೇ ಸೈಕಲ್ಲಿನ ಟೈರು ದಿನವೂ ಸೇರಿ ತುಂಬಿಕೊಡುತ್ತಿದ್ದವು. ಆಗ ಅದು ಯಾರಿಗೂ ಹೊಳೆಯಲಿಲ್ಲ.

ನನಗೆ ಹೊಳೆದದ್ದು ಚನ್ನಗಿರಿಗೆ ಬಂದ ಮೇಲೆ, ಹಾಲಮ್ಮನವರ ಕೈಗೆ ಸಿಕ್ಕಿದ ಮೇಲೆ.

ಹಾಲಮ್ಮ ಅಡಿಕೆ ವ್ಯಾಪಾರದ ಮನೆತನದವರು, ಗಂಡ ತೀರಿಕೊಂಡ ಮೇಲೆ ಮನೆಗಳ ಬಾಡಿಗೆ ವಹಿವಾಟೆಲ್ಲ ಅವರದೇ. ಮನೆ ತೋರಿಸಲು ಅವರೇ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಈ ಊರಲ್ಲಿ ಒಂದು ರೂಢಿ ಇದೆ: ಮನೆ ನೋಡಲು ಬಂದವರನ್ನು ಮಾಲೀಕರು ಸ್ಟ್ಯಾಂಡಿನಿಂದ ಮನೆಯವರೆಗೆ ಜೊತೆಯಲ್ಲೇ ನಡೆಸಿಕೊಂಡು ಹೋಗುತ್ತಾರೆ. ನಾನು ಇದನ್ನು ಮರ್ಯಾದೆ ಅಂದುಕೊಂಡೆ. ಹಾಲಮ್ಮ ನಡೆಯಲು ಶುರುಮಾಡಿದ ಕೂಡಲೇ ಕೆರೆಬಿಳಚಿಯಲ್ಲಿ ನಡೆದ ತಮ್ಮ ತಂಗಿಯ ಮದುವೆಯ ಕಥೆ ತೆಗೆದರು. ಬೀಗರು ಮುನಿಸಿಕೊಂಡದ್ದು, ಪಾಯಸಕ್ಕೆ ಸಕ್ಕರೆ ಬದಲು ಉಪ್ಪು ಬಿದ್ದದ್ದು, ಆ ಪಾಯಸವನ್ನೇ ಮದುಮಗ ಎರಡು ಸಲ ಹಾಕಿಸಿಕೊಂಡು ಉಂಡದ್ದು. ನಾನು ನಕ್ಕು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಮನೆಯ ಬಾಗಿಲಿಗೆ ಬಂದಿದ್ದೆವು. ಅಯ್ಯೋ, ಇಷ್ಟೇ ಹತ್ತಿರವಾ ಅಂತ ನಾನೇ ಬಾಯಿಬಿಟ್ಟು ಅಂದೆ. ಅವತ್ತೇ ಮುಂಗಡ ಕೊಟ್ಟೆ.

ಮಾರನೆಯ ದಿನ ಒಬ್ಬಳೇ ನಡೆದಾಗ ಆ ದಾರಿ ಮುಗಿಯಲೇ ಇಲ್ಲ. ಪೇಟೆ ಮುಗಿಯಿತು, ಅಡಿಕೆ ಮಂಡಿಗಳು ಮುಗಿದವು, ಸಿಮೆಂಟಿನ ಬಾವಿರಿಂಗು ಮಾಡುವವರ ಅಂಗಳ ಬಂತು, ಕೆರೆಬಿಳಚಿ ಕಡೆಯ ರಸ್ತೆ ಇನ್ನೂ ಮುಂದೆ ಹೋಗುತ್ತಲೇ ಇತ್ತು. ಅಲ್ಲಿ ಹಾಲಮ್ಮನವರ ಮೂರು ಮನೆಗಳ ಸಾಲು. ನಡುವಿನದು ನನ್ನದು. ಕಥೆ ಕೇಳಿ ಮನೆ ಹಿಡಿದ ವಿಜ್ಞಾನದ ಟೀಚರು ಚನ್ನಗಿರಿಯಲ್ಲಿ ನಾನೊಬ್ಬಳೇ ಇರಬೇಕು.

ಆ ತಿಂಗಳಲ್ಲೇ ರವಿಕೆ ಹೊಲಿಸಲು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ಹೋದೆ. ನಸೀಮಾ ಅಂತ, ಚೆನ್ನಾಗಿ ಹೊಲಿಯುತ್ತಾರೆ ಅಂದಿದ್ದರು. ಬಾಗಿಲು ದಾಟಿದವಳು ತಬ್ಬಿಬ್ಬಾಗಿ ನಿಂತೆ. ನನ್ನದೇ ಮನೆ! ಅದೇ ಕೆಂಪು ಗಾರೆ ನೆಲ, ಅದೇ ಹಸಿರು ಕಿಟಕಿ, ಅಡುಗೆಮನೆಯ ಮೂಲೆಯಲ್ಲಿ ಅದೇ ಆಕಾರಕ್ಕೆ ಸೋರಿದ ಕಲೆ. ಅದೂ ಹಾಲಮ್ಮನವರದೇ ಮನೆ, ಅದೇ ಮೇಸ್ತ್ರಿ ಅದೇ ಅಳತೆಯಲ್ಲಿ ಕಟ್ಟಿದ್ದು. ಬಾಡಿಗೆ ಮಾತ್ರ ನನ್ನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು.

ಆ ಸಂಜೆ ಮನೆಗೆ ನಡೆಯುತ್ತಾ ಮನಸ್ಸಿನಲ್ಲೇ ಒಂದು ಲೆಕ್ಕ ಮಾಡಿದೆ. ಅವಳ ಮನೆಯಲ್ಲಿ ನನ್ನ ಮನೆಯನ್ನು ಕಳೆದೆ. ಗೋಡೆಗೆ ಗೋಡೆ ಹೋಯಿತು, ಬಾಗಿಲಿಗೆ ಬಾಗಿಲು, ಸೋರಿಕೆಗೆ ಸೋರಿಕೆ. ಉಳಿದದ್ದು ನಾನು ಆಗ ನಡೆಯುತ್ತಿದ್ದ ದಾರಿ ಮಾತ್ರ. ಅಂದರೆ ಈ ಊರಿನ ಜನ ಯಾರೂ ಕೂತು ಲೆಕ್ಕ ಹಾಕದೆ, ಯಾರನ್ನೂ ಕೇಳದೆ, ಒಬ್ಬ ಮನುಷ್ಯ ನಡೆಯುವ ಹೊತ್ತಿಗೆ ಬೆಲೆ ಕಟ್ಟಿಬಿಟ್ಟಿದ್ದರು. ಆ ಬೆಲೆ ಎಲ್ಲೂ ಬರೆದಿಲ್ಲ. ಮನೆಗಳ ಬಾಡಿಗೆಯೊಳಗೆ ತಣ್ಣಗೆ ಕೂತಿದೆ. ಪ್ರತಿ ತಿಂಗಳೂ ಎಲ್ಲರೂ ಅದನ್ನು ಕೊಡುತ್ತಾರೆ, ದುಡ್ಡಿನಲ್ಲಿ ಕೊಡದವರು ಕಾಲಿನಲ್ಲಿ ಕೊಡುತ್ತಾರೆ. ಅವತ್ತು ಹಿಟ್ಟಿನ ಮಿಷನ್ನಿನ ಪಕ್ಕದ ಮನೆಯಲ್ಲಿ ರಾತ್ರಿ ಕಾಲು ಒತ್ತಿಕೊಳ್ಳುತ್ತಿದ್ದ ಅಮ್ಮ ನೆನಪಾದಳು.

ಆದರೆ ಒಂದು ಮಾತು ಅರ್ಥವಾಗಲಿಲ್ಲ. ಸಂಬಳ ಬರುವ ನಾನು ಊರಾಚೆಯ ಮನೆ ಹಿಡಿದಿದ್ದೇನೆ, ರವಿಕೆ ಹೊಲಿಯುವ ನಸೀಮಾ ದುಬಾರಿ ಮನೆಯಲ್ಲಿದ್ದಾಳೆ. ಅವಳು ಬಸ್ಸು ಹತ್ತುವವಳೂ ಅಲ್ಲ. ಬಟ್ಟೆ ಕೊಡುವವರೇ ಅವಳ ಮನೆ ಹುಡುಕಿಕೊಂಡು ಬರುತ್ತಾರೆ, ಎಲ್ಲಿದ್ದರೂ ಬರುತ್ತಾರೆ. ಕೇಳಿದರೆ ‘ಸುಮ್ನೆ ಮೇಡಂ, ಇವರಿಗೆ ಅನುಕೂಲ’ ಅಂತ ನಕ್ಕು ಸೂಜಿಗೆ ದಾರ ಪೋಣಿಸಿದಳು.

ರವಿಕೆ ತರಲು ಹೋದ ಸಂಜೆ ಅದೂ ಗೊತ್ತಾಯಿತು. ನಾನು ಕೂತಿದ್ದಾಗಲೇ ಖಾಕಿ ಅಂಗಿಯ ಒಬ್ಬ ಉದ್ದನೆಯ ಆಳು ಒಳಗೆ ಬಂದ. ನಸೀಮಾಳ ಗಂಡ ಇಮ್ತಿಯಾಜ್. ಖಾಸಗಿ ಬಸ್ಸಿನ ಡ್ರೈವರು. ಬಸ್ಸು ಜಗಳೂರಿನಿಂದ ಹೊರಟು ದಾವಣಗೆರೆ, ಚನ್ನಗಿರಿ, ಹೊನ್ನಾಳಿ ಅಂತ ನೇರ ದಾರಿ ಬಿಟ್ಟು ಊರೂರು ಸುತ್ತಿ ನ್ಯಾಮತಿ ಸೇರುತ್ತದೆ. ಒಂದು ರಾತ್ರಿ ಆ ತುದಿಯಲ್ಲಿ ವಸ್ತಿ, ಇನ್ನೊಂದು ರಾತ್ರಿ ಈ ತುದಿಯಲ್ಲಿ. ತಿಂಗಳಿಗೊಮ್ಮೆ ರಜೆ ಸಿಕ್ಕರೆ ಸಿಕ್ಕಿತು. ಚನ್ನಗಿರಿಯಲ್ಲಿ ಸಂಜೆ ಹೊತ್ತು ಬಸ್ಸು ಟೀಗೆ ನಿಲ್ಲುತ್ತದೆ. ಎಲ್ಲರೂ ಹೋಟೆಲಿಗೆ ಹೋಗುತ್ತಾರೆ, ಇವನು ಹಿಂದಿನ ಓಣಿಯ ಮನೆಗೆ ಓಡುತ್ತಾನೆ. ಚಪ್ಪಲಿ ಕಳಚಿ ನೆಲದ ಮೇಲೆ ಕೂತ, ನಸೀಮಾ ಲೋಟ ಕೊಟ್ಟಳು, ಗೋಡೆಯ ಮೂಲೆಯಲ್ಲಿದ್ದ ಪುಟ್ಟ ಹುಡುಗಿ ಆಫ್ರೀನ್ ಒಂದೊಂದೇ ಹೆಜ್ಜೆ ಹತ್ತಿರ ಬಂದು ಅವನ ಮೊಣಕಾಲು ಮುಟ್ಟಿ ನೋಡಿದಳು. ಅಷ್ಟರಲ್ಲಿ ಸ್ಟ್ಯಾಂಡಿನಿಂದ ಕಂಡಕ್ಟರ್ ಸೀಟಿ ಊದಿದ್ದು ಕೇಳಿಸಿತು.

ಅವನು ಹೋದ ಮೇಲೆ ನಸೀಮಾ ತಾನಾಗಿ ಹೇಳಿದಳು. ಮೊದಲು ಅವರೂ ಊರಾಚೆ ಇದ್ದರು. ಇಮ್ತಿಯಾಜ್ ದಿನಾ ಫೋನಿನಲ್ಲಿ ಮುಖ ತೋರಿಸಿ ಮಾತಾಡುತ್ತಿದ್ದ. ಮಗು ಅವನನ್ನು ‘ಫೋನ್ ಮಾಮ’ ಅಂತ ಕರೆಯಲು ಕಲಿತಿತ್ತು. ರಜೆಯ ದಿನ ಬಂದು ಎತ್ತಿಕೊಂಡರೆ ಕಿರುಚಿ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿತ್ತು. ‘ಅವತ್ತು ಅವರು ಊಟ ಬಿಟ್ರು ಮೇಡಂ. ನನ್ನ ಮಗಳಿಗೆ ನಾನ್ಯಾರೂ ಅಲ್ಲ ಅಂದ್ರು. ಅದಕ್ಕೇ ಈ ಮನೆ. ರಾತ್ರಿಯೂ ಮಿಷನ್ ತುಳಿತೀನಿ, ಬಾಡಿಗೆ ಆಗ್ತೈತೆ.’

ನಾನು ರವಿಕೆ ಮಡಚಿಕೊಂಡು ಕೂತೆ. ಊರಿನವರೆಲ್ಲ ಬಸ್ಸು ಹತ್ತಲು ಅಂತ ಅಲ್ಲಿ ಮನೆ ಹಿಡಿಯುತ್ತಾರೆ. ಈ ಹೆಂಗಸು ಬಸ್ಸಿನಿಂದ ಒಬ್ಬನು ಇಳಿದು ಬರಲಿ ಅಂತ ಹಿಡಿದಿದ್ದಾಳೆ. ಅದೂ ಒಂದು ಲೋಟ ಟೀ ಆರುವಷ್ಟು ಹೊತ್ತಿಗೆ. ಅಷ್ಟು ಚಿಕ್ಕ ಹೊತ್ತಿಗೆ ಅಷ್ಟು ದೊಡ್ಡ ಬೆಲೆ ಕೊಟ್ಟವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆ ಮಳೆಗಾಲ ಕಳೆಯುತ್ತಿದ್ದಂತೆ ಸ್ಟ್ಯಾಂಡಿನ ಹಿಂದಿನ ಆ ಮನೆಯ ಮೇಲೆ ಒಬ್ಬ ಮೊಬೈಲ್ ಅಂಗಡಿಯವನ ಕಣ್ಣು ಬಿತ್ತು. ಗೋದಾಮಿಗೆ ಬೇಕಂತೆ. ಅವನು ಹೇಳಿದ ಬಾಡಿಗೆಗೆ ಹಾಲಮ್ಮ ಇಲ್ಲ ಅನ್ನಲಿಲ್ಲ, ನಾನಾಗಿದ್ದರೂ ಅನ್ನುತ್ತಿರಲಿಲ್ಲವೇನೋ. ನಸೀಮಾಳಿಗೆ ನನ್ನ ಪಕ್ಕದ ಮನೆ ಖಾಲಿ ಇದೆ ಅಂತ ಅದನ್ನೇ ಕೊಟ್ಟರು. ಬಾಡಿಗೆ ಅರ್ಧವಾಯಿತಲ್ಲ, ಒಳ್ಳೇದೇ ಆಯ್ತಲ್ಲ ಅಂತ ಸಮಾಧಾನವನ್ನೂ ಹೇಳಿದರು. ನಸೀಮಾ ತಲೆಯಾಡಿಸಿ ಹೊಲಿಗೆ ಮಿಷನ್ನನ್ನು ಗೂಡ್ಸ್ ಆಟೋಕ್ಕೆ ಹಾಕಿದಳು.

ಬಸ್ಸು ನಮ್ಮ ಮನೆಯ ಮುಂದೆಯೇ ಹಾದು ಊರೊಳಗೆ ಹೋಗುತ್ತದೆ. ಆದರೆ ನಿಲ್ಲುವುದು ಸ್ಟ್ಯಾಂಡಿನಲ್ಲಿ. ಟೀ ಹೊತ್ತಿನಲ್ಲಿ ಅಲ್ಲಿಂದ ಇಲ್ಲಿಗೆ ಓಡಿ ಬಂದು ವಾಪಸು ಮುಟ್ಟುವುದು ಆಗದ ಮಾತು. ಇಮ್ತಿಯಾಜ್ ಗಾಡಿ ನಿಧಾನ ಮಾಡಿ ಹಾರನ್ ಹೊಡೆಯುತ್ತಿದ್ದ, ನಸೀಮಾ ಮಗುವನ್ನೆತ್ತಿಕೊಂಡು ರಸ್ತೆ ಬದಿಗೆ ಓಡುತ್ತಿದ್ದಳು, ಮಗು ಬಸ್ಸಿಗೆ ಟಾಟಾ ಮಾಡುತ್ತಿತ್ತು. ಬಸ್ಸಿಗೆ, ಅವನಿಗಲ್ಲ. ಕೆಲವೇ ವಾರಗಳಲ್ಲಿ ‘ಫೋನ್ ಮಾಮ’ ಹಿಂತಿರುಗಿ ಬಂದ. ಪಕ್ಕದ ಮನೆಯಿಂದ ಆ ಮಾತು ಕೇಳಿಸಿದ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಒಂದು ಸಂಜೆ ಬಸ್ಸು ನಮ್ಮ ಮನೆಯ ಮುಂದೆ ನಿಂತೇಬಿಟ್ಟಿತು. ಕಂಡಕ್ಟರ್ ಬಸಣ್ಣ, ತಲೆ ನರೆತ ಮನುಷ್ಯ, ಮೆಟ್ಟಿಲ ಮೇಲೆ ನಿಂತು ಟೀಗೆ ಇಳಿಯೋರು ಇಲ್ಲೇ ಇಳೀರಿ ಅಂತ ಕೂಗಿದ. ಜನ ಇಳಿದು ಸುತ್ತ ನೋಡಿದರು. ಟೀ ಎಲ್ಲಿದೆ? ಬಾವಿರಿಂಗುಗಳಿದ್ದವು, ಒಂದು ಜಾಲಿಮರ ಇತ್ತು, ಕಿಟಕಿಯಲ್ಲಿ ನಾನಿದ್ದೆ. ಒಬ್ಬ ಅಡಿಕೆ ವ್ಯಾಪಾರಿ ರೇಗಿದ. ಸ್ಟ್ಯಾಂಡಿನ ಟೀ ಬರೀ ನೀರು ಕಣ್ರಿ, ಕುಡಿಯದಿದ್ದರೆ ಏನೂ ನಷ್ಟವಿಲ್ಲ ಅಂತ ಬಸಣ್ಣ ವಾದಿಸಿದ. ಅಷ್ಟರಲ್ಲಿ ಇಮ್ತಿಯಾಜ್ ರಸ್ತೆ ದಾಟಿ ಬಾಗಿಲು ಹೊಕ್ಕಿದ್ದ. ಎಲ್ಲರಿಗೂ ಕಾಣಿಸಿತು, ಎಲ್ಲರಿಗೂ ಅರ್ಥವೂ ಆಯಿತು. ಕೆರೆಬಿಳಚಿಯಲ್ಲಿ ಹತ್ತಿದ್ದ ಒಬ್ಬ ಮುದುಕಿ ಕಿಟಕಿಯಿಂದಲೇ ತೀರ್ಪು ಕೊಟ್ಟಳು: ‘ಮಗಿನ ಮಖ ನೋಡ್ಕಂಡು ಬರ್ಲಿ ಬಿಡ್ರಿ. ನಾವೇನು ಕೋರ್ಟಿಗೆ ಹೊಂಟಿವಾ?’

ವ್ಯಾಪಾರಿ ಗೊಣಗುತ್ತಾ ಹೋಗಿ ಒಂದು ಬಾವಿರಿಂಗಿನ ಮೇಲೆ ಕೂತ. ಮರುದಿನವೂ ಕೂತ. ಆಮೇಲೆ ಅದೇ ಅವನ ಜಾಗವಾಯಿತು. ಒಂದು ಬಸ್ಸಿನ ತುಂಬ ಜನ, ಪ್ರತಿಯೊಬ್ಬರಿಗೂ ಮುಂದೆ ಎಲ್ಲೋ ಕಾಯುವ ಮನೆ, ಕೆಲಸ, ಹಸಿವು. ಅವರೆಲ್ಲ ತಂತಮ್ಮ ಹೊತ್ತಿನಿಂದ ಒಂದಿಷ್ಟು ತೆಗೆದು ಗುರುತು ಪರಿಚಯವಿಲ್ಲದ ಒಂದು ಮಗುವಿಗೆ ಕೊಡುತ್ತಿದ್ದರು. ಇದಕ್ಕೆ ಬಾಡಿಗೆ ಕಟ್ಟಲು ಯಾವ ಮನೆ ಸಾಕಾದೀತು? ದಿನಾ ಸಂಜೆ ಕಿಟಕಿಯಲ್ಲಿ ನಿಂತು ನಾನು ಇದನ್ನು ನೋಡುತ್ತಿದ್ದೆ, ದಿನಾ ಕಣ್ಣು ತುಂಬುತ್ತಿತ್ತು. ವಿಜ್ಞಾನದ ಟೀಚರು ಹೀಗೆ ಅಳಬಾರದು ಅಂತ ಮೂಗು ಒರೆಸಿಕೊಳ್ಳುತ್ತಿದ್ದೆ.

ಆಮೇಲೆ ನಡೆದದ್ದನ್ನು ನೀವೇ ಊಹಿಸಬಲ್ಲಿರಿ. ಜನ ನಿಲ್ಲುವ ಕಡೆ ಟೀ ಬಾರದೆ ಇರುತ್ತದೆಯೇ? ಜಾಲಿಮರದ ಕೆಳಗೆ ಒಂದು ತಳ್ಳುಗಾಡಿ ಬಂತು. ಟೀ ಇದೆ ಅಂತ ಇನ್ನೊಂದು ಬಸ್ಸು ನಿಂತಿತು. ಬಸ್ಸು ನಿಲ್ಲುತ್ತದೆ ಅಂತ ಸುತ್ತಲಿನ ಮನೆಯವರು ಅಲ್ಲೇ ಬಂದು ಕಾಯತೊಡಗಿದರು. ನಾನೂ ಸ್ಟ್ಯಾಂಡಿನಿಂದ ನಡೆಯುವುದು ಬಿಟ್ಟು ಬಾಗಿಲಲ್ಲೇ ಇಳಿಯತೊಡಗಿದೆ. ಟಿಕೆಟ್ ಕೇಳುವಾಗ ಜನ ‘ಡ್ರೈವರ್ ಮನೆ ಸ್ಟಾಪು’ ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಹಾಲಮ್ಮ ಬಂದರು. ಬಸ್ಸು ಬಾಗಿಲಿಗೇ ಬಂದೈತಲ್ಲ ಮೇಡಂ, ಬಾಡಿಗೆ ನೋಡ್ಕೊಂಡು ಕೊಡ್ರಿ ಅಂದರು. ನಾನು ಸ್ವಲ್ಪ ಜಗಳ ಆಡಿದೆ. ಮನೆಯಲ್ಲಿ ಒಂದು ಮೊಳೆ ಕೂಡ ಹೊಸದಾಗಿಲ್ಲ, ಸೋರುವುದು ಸೋರುತ್ತಲೇ ಇದೆ ಅಂದೆ. ಅವರು ನಗುತ್ತಾ ರಸ್ತೆ ತೋರಿಸಿದರು. ಸೋತೆ. ಬಾಡಿಗೆ ಏರುವುದು ಹೇಗೆ ಅಂತ ಬೇರು ಸಮೇತ ಕಂಡವಳು ನಾನು. ಎಲ್ಲಿಯೋ ಒಬ್ಬ ಅಪ್ಪನ ಸಂಕಟದಿಂದ ಶುರುವಾಗಿ ನನ್ನ ಜೇಬಿಗೆ ಬಂದು ಮುಟ್ಟಿತ್ತು. ಕೊಡುತ್ತೇನೆ ಅಂದೆ.

ಆಮೇಲೆ ನಸೀಮಾ ನೆನಪಾದಳು. ಪಕ್ಕದ ಮನೆಗೂ ಏರಿಸುತ್ತೀರಾ ಅಂತ ಕೇಳಿದೆ. ಅವರಿಗೊಂದು ಇವರಿಗೊಂದು ಮಾಡಿದರೆ ಸಾಲಿನವರು ಏನಂದಾರು ಅಂದರು ಹಾಲಮ್ಮ. ಬಾಡಿಗೆ ಅರ್ಧವಾದ ಧೈರ್ಯದಲ್ಲಿ ಕೊಂಡ ಹೊಸ ಮಿಷನ್ನಿನ ಸಾಲ ತೀರಿಸಲು ನಸೀಮಾ ಅದಾಗಲೇ ತಿಣುಕುತ್ತಿದ್ದಳು. ಏರಿದರೆ ಒಳಗಿನ ಕೇರಿಗೆ ಹೋಗಬೇಕು, ಅಲ್ಲಿಗೆ ಬಸ್ಸಿನ ದಾರಿಯೇ ಇಲ್ಲ. ಅವರೇ ತಂದ ಬಸ್ಸು ಅವರನ್ನೇ ಆಚೆ ದಬ್ಬುವಂತಿತ್ತು. ಮಗುವಿಗೆ ಮತ್ತೆ ಫೋನೇ ಗತಿ.

ಬಾಡಿಗೆಯ ಮಾತನ್ನು ಯಜಮಾನನ ಎದುರಿಗೇ ಆಡಬೇಕು, ಹೆಂಗಸಿಗೆ ಹೇಳಿ ಹೋಗುವುದು ಸರಿಯಲ್ಲ ಅನ್ನುವುದು ಹಾಲಮ್ಮನವರ ಕ್ರಮ. ಹಾಗಾಗಿ ಬಸ್ಸು ಬರುವವರೆಗೆ ನಸೀಮಾಳ ಕಟ್ಟೆಯ ಮೇಲೆ ಕೂತರು. ನಾನೂ ಹೋಗಿ ಕೂತೆ. ಏನಾದರೂ ಮಾತಾಡಿ ಮನಸ್ಸು ತಿರುಗಿಸೋಣ ಅಂದರೆ ಅವರ ಹಾಗೆ ಕಥೆ ಹೇಳಲು ನನಗೆ ಬರುವುದಿಲ್ಲ. ಬಸ್ಸಿನ ಹೊತ್ತಾಯಿತು. ಬರಲಿಲ್ಲ. ಆಫ್ರೀನ್ ಗೇಟಿನ ಸಲಾಕೆ ಹಿಡಿದು ರಸ್ತೆಯನ್ನೇ ನೋಡುತ್ತಾ ನಿಂತಿದ್ದಳು. ನಸೀಮಾಳಿಗೆ ಹಾಲಮ್ಮ ಯಾಕೆ ಬಂದಿದ್ದಾರೆ ಅಂತ ಗೊತ್ತಾಗಿತ್ತು.

ಕೊನೆಗೆ ಬಸ್ಸು ಬಂತು. ಇಮ್ತಿಯಾಜ್ ಇಳಿದು ಓಡಿಬಂದ. ಗೇಟಿನಲ್ಲಿ ಮಗು ಎರಡೂ ಕೈ ಸೊಂಟದ ಮೇಲಿಟ್ಟು ದಾರಿಗಡ್ಡ ನಿಂತಿತ್ತು.

‘ಯಾಕ್ ಲೇಟು ಅಬ್ಬಾ?’

‘ಫೋನ್ ಮಾಮ’ ಅಲ್ಲ, ಅಬ್ಬಾ, ಅಪ್ಪ. ಅವನು ಅಲ್ಲೇ ನಿಂತುಬಿಟ್ಟ. ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕೂತ. ಕುರಿ ಮಂದೆ ಅಡ್ಡ ಬಂತವ್ವಾ ಅಂದ. ಎಷ್ಟು ಕುರಿ ಅಂತ ಕೇಳಿದಳು. ಬಾಳ ಅಂದ. ಕರಿ ಕುರಿ ಇತ್ತಾ ಅಂದಳು. ಇತ್ತು. ಹಾರನ್ ಯಾಕೆ ಹೊಡೀಲಿಲ್ಲ ಅಂದಳು. ಹೊಡೆದರೂ ಹೋಗಲಿಲ್ಲ ಅಂದ. ದಿನಾ ಎಷ್ಟೋ ಜನರಿಂದ ಲೇಟು ಅಂತ ಬೈಸಿಕೊಳ್ಳುವ ಮನುಷ್ಯ ಅವನು. ಒಂದೊಂದು ಪ್ರಶ್ನೆಗೂ ಕೈಕಟ್ಟಿ ಉತ್ತರ ಹೇಳುತ್ತಿದ್ದ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಲೂ ಇರಲಿಲ್ಲ. ಬಾಗಿಲಲ್ಲಿ ನಸೀಮಾ ಲೋಟ ಹಿಡಿದುಕೊಂಡೇ ನಿಂತಿದ್ದಳು. ಅದನ್ನು ಅವನ ಕೈಗೆ ಕೊಡುವುದೂ ಅವಳಿಗೆ ಮರೆತಿತ್ತು.

ಬಸಣ್ಣನ ಸೀಟಿ ಆಯಿತು. ನಾಳೆ ಬೇಗ ಬರಬೇಕು ಅಂತ ಮಗು ಹುಕುಂ ಮಾಡಿತು. ಇಮ್ತಿಯಾಜ್ ಎದ್ದು, ಆಗ ಹಾಲಮ್ಮನವರನ್ನು ಕಂಡು, ಏನಮ್ಮಾ ಬಂದದ್ದು ಅಂತ ಗಾಬರಿಯಲ್ಲಿ ಕೇಳಿದ. ಹಾಲಮ್ಮ ಕೈ ಬೀಸಿದರು. ‘ಹೋಗಪ್ಪ, ಜನ ಕಾಯ್ತಾರೆ.’

ಬಸ್ಸು ಹೋಯಿತು. ಅವರ ಜೊತೆ ರಸ್ತೆಯವರೆಗೆ ನಡೆದೆ. ಬಾಡಿಗೆ ವಿಷಯ ಹೇಳಲೇ ಇಲ್ಲವಲ್ಲ ಅಂದೆ.

‘ಅವನಿಗೆ ಇದ್ದಿದ್ದೇ ಅಷ್ಟು ಹೊತ್ತು’ ಅಂದರು ಹಾಲಮ್ಮ. ‘ಅದ್ರಾಗೆ ನನ್ನ ಮಾತು ಎಲ್ಲಿ ತುರುಕ್ಲಿ? ನಾಳೆ ಹೇಳ್ತೀನಿ ಬಿಡ್ರಿ.’

ಮರುದಿನ ಸಂಜೆಯೂ ಬಂದರು. ಕಟ್ಟೆಯ ಮೇಲೆ ಕೂತರು. ಬಸ್ಸು ಬಂತು, ಟೀ ಆಯಿತು, ಸೀಟಿ ಆಯಿತು. ಈಗಲೂ ವಾರಕ್ಕೊಂದು ಸಲವಾದರೂ ಬರುತ್ತಾರೆ, ಬರುವಾಗ ಮಗುವಿಗೆ ಮಂಡಕ್ಕಿ ಉಂಡೆ ತರುತ್ತಾರೆ. ಬಾಡಿಗೆ ಮಾತು ಇವತ್ತು ಆಡಿಯೇ ಹೋಗೋದು ಅಂತ ನನ್ನ ಹತ್ತಿರ ಗಟ್ಟಿಯಾಗಿ ಹೇಳುತ್ತಾರೆ. ನಾನು ಏರಿದ ಬಾಡಿಗೆ ಕೊಡುತ್ತಿದ್ದೇನೆ, ಮೂರನೆಯ ಮನೆಯವರೂ ಕೊಡುತ್ತಿದ್ದಾರೆ. ನಸೀಮಾಳ ಮನೆಯಲ್ಲಿ ಮಾತ್ರ ಹಾಲಮ್ಮನವರಿಗೆ ಅದನ್ನು ಹೇಳಲು ಇನ್ನೂ ಹೊತ್ತು ಸಿಕ್ಕಿಲ್ಲ.